ತೋರಣಗಲ್ಲಿನಿಂದ ಫತೋರ್ಡಾಕ್ಕೆ

ಕೋಲ್ಕತ್ತದ ಪಕ್ಕದ ಹೌರಾದಿಂದ ಗೋವಾದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿಗೆ ಬರುತ್ತದೆ. ಇಲ್ಲಿಂದ ಧಾರವಾಡ, ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಹಾಯ್ದು, ಘಟ್ಟ ಇಳಿದು ಮಡಗಾಂವ್ ಮುಟ್ಟುತ್ತದೆ. 2013ರವರೆಗೆ ಭಾರತದ ಫುಟ್‌ಬಾಲಿನ ನಕಾಶೆ ಬರೆಯಬೇಕೆಂದರೆ ಈ ಒಂದು ಗಾಡಿಯ ವೇಳಾಪಟ್ಟಿ ಸಾಕಿತ್ತು. ಈ ತುದಿಗೆ ಕೋಲ್ಕತ್ತ, ಆ ತುದಿಗೆ ಗೋವಾ. 1996-97ರಲ್ಲಿ ರಾಷ್ಟ್ರೀಯ ಲೀಗ್ ಶುರುವಾಯಿತು. ಮುಂದೆ ಅದೇ ಐ-ಲೀಗ್ ಆಯಿತು. 2012-13ರವರೆಗೆ ನಡೆದ 17 ಸೀಸನ್‌ಗಳಲ್ಲಿ 15 ಸಲ ಪ್ರಶಸ್ತಿ ಈ ಎರಡು ಕಡೆಗೇ ಹೋಯಿತು. ಗೋವಾದ ಡೆಂಪೊ ಒಂದೇ ಐದು ಸಲ ಗೆದ್ದಿತ್ತು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ತಲಾ ಮೂರು, ಸಾಲಗಾಂವ್ಕರ್, ಚರ್ಚಿಲ್ ಬ್ರದರ್ಸ್ ತಲಾ ಎರಡು.

ಉಳಿದ ಎರಡನ್ನು ಗೆದ್ದವರು ಪಂಜಾಬಿನ ಫಗ್ವಾಡಾದ ಜೆಸಿಟಿ ಮತ್ತು ಮುಂಬೈನ ಮಹೀಂದ್ರ ಯುನೈಟೆಡ್. ಎರಡೂ ಕಂಪನಿ ತಂಡಗಳು. ಮಹೀಂದ್ರ 2010ರಲ್ಲಿ ಬಾಗಿಲು ಹಾಕಿತು, ಜೆಸಿಟಿ 2011ರಲ್ಲಿ. ಹೀಗಾಗಿ 2013ರಲ್ಲಿ ಜೆಎಸ್‌ಡಬ್ಲ್ಯು ಕಂಪನಿ ಬೆಂಗಳೂರಿನಲ್ಲಿ ಹೊಸ ತಂಡ ಕಟ್ಟುತ್ತದಂತೆ ಎಂದಾಗ, ಆಟ ಬಲ್ಲವರು ಹುಬ್ಬೇರಿಸಿದ್ದರಲ್ಲಿ ತಪ್ಪೇನಿರಲಿಲ್ಲ. ಕಂಪನಿಗೆ ಒಂದು ವರ್ಷ ನಷ್ಟವಾದರೆ ಮೊದಲು ಕತ್ತರಿ ಬೀಳುವುದು ಆಟದ ತಂಡಕ್ಕೆ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. ಬ್ರಿಟಿಷ್ ದಂಡಿನ ಪಕ್ಕದಲ್ಲಿ ಬೆಳೆದ ಆಟ ಅದು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬೈನ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಗೋರಾ ಪಲ್ಟನ್ನುಗಳದೇ ಆಗಿದ್ದ ಕಪ್ ಅದು. ಮಾರನೇ ವರ್ಷ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಲ್ಲೇ ಆಡಿದ ಭಾರತ ತಂಡ ಫ್ರಾನ್ಸ್ ಎದುರು 1-2ರಿಂದ ಸೋತಾಗ, ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ರಾಮನ್. ಮೈಸೂರು ರಾಜ್ಯ ತಂಡ 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿ ತಂದಿತು.

ಆಮೇಲಿನದು ಇಳಿಜಾರು. ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳು ಹುಡುಗರಿಗೆ ನೌಕರಿ ಕೊಟ್ಟು ಆಡಿಸಿದವು. ಈ ಪದ್ಧತಿ ಹುಬ್ಬಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ರೈಲ್ವೆಯ ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ ಹಿಡಿದು ಸಂಸಾರ ನೆಲೆಗೊಳಿಸಿಕೊಂಡವರು ಗದಗ ರಸ್ತೆಯ ಕ್ವಾರ್ಟರ್ಸ್‌ಗಳಲ್ಲಿ ಇವತ್ತಿಗೂ ಸಿಗುತ್ತಾರೆ. ಮರ್ಯಾದೆಯ ಬದುಕು, ತಿಂಗಳ ಪಗಾರ, ಕೊನೆಗೆ ಪಿಂಚಣಿ. ಆದರೆ ಬೇರೆಡೆ ಆಟವೇ ಪೂರ್ಣಾವಧಿ ಕಸುಬಾಗಿ ಬಿಟ್ಟಿದ್ದ ಕಾಲದಲ್ಲಿ ಇದು ಸಾಲಲಿಲ್ಲ. 2010ರಲ್ಲಿ ಐ-ಲೀಗ್‌ಗೆ ಬಡ್ತಿ ಪಡೆದ ಎಚ್‌ಎಎಲ್ 2011-12ರ ಕೊನೆಗೆ ಮತ್ತೆ ಕೆಳಗಿಳಿಯಿತು. ಮರುವರ್ಷದ ಲೀಗ್‌ನಲ್ಲಿ ಕರ್ನಾಟಕದ ಒಂದೂ ತಂಡವಿರಲಿಲ್ಲ.

ಜೆಎಸ್‌ಡಬ್ಲ್ಯು ಒಳಗೆ ಬಂದದ್ದು ಈ ಖಾಲಿ ಜಾಗಕ್ಕೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು ಕಂಪನಿಗಳನ್ನು ಕೆಳಗಿನ ಮೆಟ್ಟಿಲು ಹತ್ತಿಸದೆ ನೇರವಾಗಿ ಐ-ಲೀಗ್‌ಗೆ ಕರೆದಿತ್ತು. 2013ರ ಜುಲೈ 20ರಂದು ಬೆಂಗಳೂರು ಫುಟ್‌ಬಾಲ್ ಕ್ಲಬ್ ಹುಟ್ಟಿತು. ಮುಂದೆ ನಿಂತವರು ಜೆಎಸ್‌ಡಬ್ಲ್ಯು ಒಡೆಯ ಸಜ್ಜನ್ ಜಿಂದಾಲ್ ಅವರ ಮಗ, ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಪಾರ್ಥ್ ಜಿಂದಾಲ್.

ಬೆಂಗಳೂರಿನ ಪತ್ರಿಕೆಗಳು ಇದನ್ನು ಮಹಾನಗರದ ಕತೆಯಾಗಿ ಬರೆದವು: ಐಟಿ ಮಂದಿ, ಹೊಸ ಪೀಳಿಗೆ, ನೀಲಿ ಜೆರ್ಸಿ. ಹುಬ್ಬಳ್ಳಿಯಲ್ಲಿ ಕೂತು ನೋಡಿದರೆ ಕತೆಯ ಬುಡ ಬೇರೆ ಕಡೆ ಕಾಣುತ್ತದೆ. ಆ ದುಡ್ಡು ಬೆಂಗಳೂರಿನದಲ್ಲ. ಹೊಸಪೇಟೆ ದಾಟಿ ಬಳ್ಳಾರಿ ಕಡೆಗೆ ಹೋಗುವಾಗ ಎಡಬಲದ ಗಿಡಗಂಟಿಯೂ ಕೆಂಪಗೆ ಕಾಣತೊಡಗುತ್ತದಲ್ಲ, ಆ ತೋರಣಗಲ್ಲಿನದು. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಎಂಬ ಹೆಸರಲ್ಲಿ ಶುರುವಾದ ಜೆಎಸ್‌ಡಬ್ಲ್ಯು ಕಾರ್ಖಾನೆ 2011ರ ಹೊತ್ತಿಗೆ ವರ್ಷಕ್ಕೆ ಒಂದು ಕೋಟಿ ಟನ್ ಉಕ್ಕು ತಯಾರಿಸುವಷ್ಟು ಬೆಳೆದಿತ್ತು. ಅಷ್ಟು ಉಕ್ಕಿಗೆ ಬೇಕಾದ ಕಲ್ಲಿದ್ದಲಿನ ಒಂದು ಪಾಲು ಸಮುದ್ರ ದಾಟಿ ಗೋವಾದ ಮುರಗಾಂವ್ ಬಂದರಿನಲ್ಲಿ ಇಳಿದು, ಮಡಗಾಂವ್, ಕುಳೆ ದಾಟಿ, ಕ್ಯಾಸಲ್‌ರಾಕಿನ ಏರು ಹತ್ತಿ ಬರುತ್ತದೆ. 37 ಅಡಿ ನಡೆದರೆ ಒಂದು ಅಡಿ ಮೇಲೇರುವ ದಾರಿ ಅದು. ಮುಂದೆ ಎಂಜಿನ್ನು, ಹಿಂದೆ ದೂಡಲು ಮತ್ತೆ ಎಂಜಿನ್ನು. ದೂಧಸಾಗರದ ಹತ್ತಿರ ಸುರಂಗದಿಂದ ಸುರಂಗಕ್ಕೆ ಗೂಡ್ಸ್ ಗಾಡಿ ತೇಕುತ್ತಾ ಹೋಗುತ್ತದೆ. ಲೋಂಡಾ, ಅಳ್ನಾವರ, ಧಾರವಾಡ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ತೋರಣಗಲ್ಲು. ಧಾರವಾಡ ಸೀಮೆಯ ಹತ್ತಿಯನ್ನು ಬಂದರಿಗೆ ಸಾಗಿಸುವ ಲೆಕ್ಕದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಹಾಕಿದ ದಾರಿ ಈಗ ಕಲ್ಲಿದ್ದಲಿನ ದಾರಿ. ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದ ಸರಕು ಸಾಗಣೆಯ ಗಳಿಕೆಗೆ ಈ ಕಾರ್ಖಾನೆಯೇ ದೊಡ್ಡ ಆಧಾರ.

ಈ ದಾರಿಯ ಗೋವಾ ತುದಿಯ ಫುಟ್‌ಬಾಲೂ ಇದೇ ಮಣ್ಣಿನಿಂದ ಎದ್ದದ್ದು. ಡೆಂಪೊ, ಸಾಲಗಾಂವ್ಕರ್ ಎಂಬವು ಮೊದಲು ಅದಿರು ವ್ಯಾಪಾರಿಗಳ ಮನೆತನದ ಹೆಸರು, ಆಮೇಲೆ ತಂಡದ ಹೆಸರು. ಗಣಿ ಧಣಿಗಳು ತಂಡ ಸಾಕಿದರು. ಸಾಕುವುದು ಪ್ರತಿಷ್ಠೆಯ ಮಾತೂ ಆಗಿತ್ತು. ಡೆಂಪೊದವರು 2009ರಲ್ಲೇ ಗಣಿಗಳನ್ನು ಸೆಸಾ ಗೋವಾಕ್ಕೆ ಮಾರಿ ಕೈತೊಳೆದುಕೊಂಡರೂ ತಂಡ ಬಿಡಲಿಲ್ಲ. ಅಷ್ಟರಲ್ಲಿ ನಮ್ಮ ಕಡೆ ಏನಾಯಿತೆಂಬುದು ಎಲ್ಲರಿಗೂ ಗೊತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. 2012ರ ಸೆಪ್ಟೆಂಬರಿನಲ್ಲಿ ಗೋವಾದಲ್ಲೂ ಗಣಿಗಳು ಬಂದಾದವು. ಅದಿರನ್ನು ಹಾಗೇ ಹಡಗಿಗೆ ತುಂಬಿ ಮಾರುವವರ ಕಾಲ ಮುಗಿದು, ಅದನ್ನು ಇಲ್ಲೇ ಕರಗಿಸಿ ಉಕ್ಕು ಮಾಡುವವರ ಕಾಲ ಬರುತ್ತಿತ್ತು. ಅದಿರು ಸಿಗದೆ ತೋರಣಗಲ್ಲೂ ಆ ದಿನಗಳಲ್ಲಿ ತೊಂದರೆಪಟ್ಟಿತು, ನಿಜ. ಆದರೂ ಫುಟ್‌ಬಾಲಿಗೆ ಕೈಹಾಕುವಷ್ಟು ಕಸುವು ಉಳಿದದ್ದು ಅದಕ್ಕೇ. ಐ-ಲೀಗ್‌ನ 2013-14ರ ಸೀಸನ್ನನ್ನು ನಾನು ಓದಿಕೊಳ್ಳುವುದು ಹೀಗೆ: ಮೈದಾನದ ಮೇಲೆ ಹನ್ನೊಂದು ಜನರ ಆಟ, ಅದರ ಕೆಳಗೆ ಅದಿರಿನಿಂದ ಉಕ್ಕಿಗೆ ಕೈಬದಲಾದ ದುಡ್ಡು.

ಕೋಚ್ ಆಗಿ ಬಂದವನು ಆಶ್ಲಿ ವೆಸ್ಟ್‌ವುಡ್ ಎಂಬ 36ರ ಇಂಗ್ಲಿಷ್‌ನವ. ಇವನ ಕತೆ ಇಂಗ್ಲೆಂಡಿನ ಫುಟ್‌ಬಾಲ್ ವ್ಯವಸ್ಥೆಯದೇ ಕತೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಪಳಗಿದವನು; ಆದರೆ ಮೊದಲ ತಂಡದಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ, ನಾರ್ತಾಂಪ್ಟನ್ ಎಂದು ಊರೂರು ತಿರುಗಿದ. ಬ್ರಾಡ್‌ಫರ್ಡ್ ಸಿಟಿ 1999ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿದಾಗ ಆ ತಂಡದಲ್ಲಿದ್ದ. ಆಟ ಬಿಟ್ಟ ಮೇಲೆ ಮೈಕೆಲ್ ಆಪಲ್ಟನ್ ಎಂಬ ಮ್ಯಾನೇಜರನ ಜೊತೆ ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿದ. 1994-95ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಗಿದ್ದ ಬ್ಲ್ಯಾಕ್‌ಬರ್ನನ್ನು 2010ರಲ್ಲಿ ಕೊಂಡವರು ಪುಣೆಯ ವೆಂಕೀಸ್, ಅಂದರೆ ನಮ್ಮ ಹೋಟೆಲುಗಳಿಗೆಲ್ಲ ಕೋಳಿ ಒದಗಿಸುವ ಕಂಪನಿ. ಎರಡೇ ವರ್ಷದಲ್ಲಿ ತಂಡ ಪ್ರೀಮಿಯರ್ ಲೀಗ್‌ನಿಂದ ಹೊರಬಿತ್ತು. ಆಪಲ್ಟನ್ ಅಲ್ಲಿ ಬಾಳಿದ್ದು 67 ದಿನ; 2013ರ ಮಾರ್ಚ್‌ನಲ್ಲಿ ಅವನನ್ನು ತೆಗೆದರು, ವೆಸ್ಟ್‌ವುಡ್ಡನೂ ಹೊರಬಂದ. ಒಂದು ಭಾರತೀಯ ಕಂಪನಿಯ ತಂಡದಿಂದ ಮಾರ್ಚ್‌ನಲ್ಲಿ ಹೊರಬಿದ್ದವನು ಜುಲೈಗೆ ಇನ್ನೊಂದು ಭಾರತೀಯ ಕಂಪನಿಯ ತಂಡದಲ್ಲಿದ್ದ. ಋಣಾನುಬಂಧ ಎನ್ನುವುದು ಯಾವ ಯಾವ ದಾರಿಯಲ್ಲಿ ಬರುತ್ತದೋ!

ಪ್ರೀಮಿಯರ್ ಲೀಗ್‌ನ ಮಿರುಗನ್ನು ಇವನು ಹೊತ್ತು ತರಲಿಲ್ಲ. ತಂದದ್ದು ಅಲ್ಲಿನ ಕೆಳ ಡಿವಿಜನ್‌ಗಳ ಒರಟು ಶಿಸ್ತನ್ನು. ದಿನವೂ ಓಟದ ಲೆಕ್ಕ, ಮೈಯ ಕೊಬ್ಬಿನ ಲೆಕ್ಕ, ತಟ್ಟೆಯಲ್ಲಿ ಏನಿರಬೇಕೆಂಬ ಲೆಕ್ಕ, ಎದುರಾಳಿಯ ಆಟದ ವಿಡಿಯೊ ಹಾಕಿಕೊಂಡು ಪಾಠ. ಭಾರತದಲ್ಲಿ ಅಲ್ಲಿಯತನಕ ಕೋಚ್ ಎಂದರೆ ಹನ್ನೊಂದು ಹೆಸರು ಆರಿಸಿ, ಮಧ್ಯಂತರದಲ್ಲಿ ಗದರುವವನು ಎಂಬ ನಂಬಿಕೆ ಗಟ್ಟಿಯಾಗಿತ್ತು. ಎಪ್ಪತ್ತನೇ ನಿಮಿಷದ ಮೇಲೆ ಎದುರಾಳಿಗಳು ಸೊಂಟಕ್ಕೆ ಕೈಯಿಟ್ಟು ನಿಲ್ಲುವಾಗ ಬೆಂಗಳೂರಿನವರು ಇನ್ನೂ ಓಡುತ್ತಿದ್ದರು. ಆ ಸೀಸನ್ನಿನ ಗುಟ್ಟು ಎಂದು ಏನಾದರೂ ಇದ್ದರೆ ಅರ್ಧ ಇದೇ.

ಮಿಕ್ಕರ್ಧ ಆಟಗಾರರ ಆಯ್ಕೆ. ನಾಯಕ ಸುನಿಲ್ ಛೆಟ್ರಿ. ಲಿಸ್ಬನ್‌ನ ಸ್ಪೋರ್ಟಿಂಗ್ ತಂಡದಲ್ಲಿ ಜಾಗ ಸಿಗದೆ ಹಿಂದಿರುಗಿ, ಹಿಂದಿನ ಸೀಸನ್ನಿನ ಕೊನೆಯಲ್ಲಿ ಚರ್ಚಿಲ್ ಬ್ರದರ್ಸ್ ಪರ ಆಡಿ ಚಾಂಪಿಯನ್ ಆಗಿದ್ದವರು. ಅವರ ಜೊತೆಗೆ ಎತ್ತರದ ಆಳು ರಾಬಿನ್ ಸಿಂಗ್. ರಕ್ಷಣೆಯ ನಡುವೆ ಮಿಡಲ್ಸ್‌ಬರೊದಲ್ಲಿ ಬೆಳೆದ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ. ಇಬ್ಬರೂ ಇಂಗ್ಲೆಂಡಿನ ಕೆಳ ಲೀಗ್‌ಗಳ ಕೆಸರಿನಲ್ಲಿ ಮೊಣಕಾಲು ಸವೆಸಿದವರು. ಲೈಬೀರಿಯಾದ ಜಾನ್ ಮೆನ್ಯೊಂಗರ್, ಆಸ್ಟ್ರೇಲಿಯಾದ ಶಾನ್ ರೂನಿ. ಆಸ್ಟ್ರೇಲಿಯಾ ಆ ಹೊತ್ತಿಗಾಗಲೇ ಏಷ್ಯಾ ಒಕ್ಕೂಟಕ್ಕೆ ಸೇರಿದ್ದರಿಂದ ಏಷ್ಯಾ ಕೋಟಾದ ಜಾಗಕ್ಕೆ ಈ ರೂನಿ ಸಲ್ಲುತ್ತಿದ್ದ. (ವೇನ್ ರೂನಿಗೂ ಇವನಿಗೂ ಹೆಸರಿನ ನಂಟಷ್ಟೇ.) ಕೇರಳದ ರಿನೊ ಆಂಟೊ, ಮುಂಬೈನ ಕೀಗನ್ ಪೆರೇರಾ, ಮಣಿಪುರದ ಥೋಯಿ ಸಿಂಗ್. ಬೆಂಗಳೂರಿನವರೇ ಆದ ಎನ್.ಎಸ್. ಮಂಜು, ಶಂಕರ್ ಸಂಪಂಗಿರಾಜ್. ಉತ್ತರ ಕರ್ನಾಟಕದ ಹೆಸರು ಹುಡುಕಿದರೆ ಸಿಗಲಿಲ್ಲ. ದುಡ್ಡು ನಮ್ಮ ಕಡೆಯ ಮಣ್ಣಿನಿಂದ ಹೋಗುತ್ತದೆ, ಅಂಗಳ ರಾಜಧಾನಿಯಲ್ಲಿ ಏಳುತ್ತದೆ ಎಂಬ ಹಳೇ ತಕರಾರಿಗೆ ಇದೂ ಒಂದು ಸೇರ್ಪಡೆ.

ಸೆಪ್ಟೆಂಬರ್ 22, ಭಾನುವಾರ. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ, ಕೃತಕ ಹುಲ್ಲಿನ ಹಾಸು. ಮೊದಲ ಪಂದ್ಯಕ್ಕೇ ಎದುರಿಗೆ ಬಂದದ್ದು 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್. ಎರಡು ತಿಂಗಳ ಕೂಸಿಗೂ ನೂರಿಪ್ಪತ್ತು ದಾಟಿದ ಅಜ್ಜನಿಗೂ ಕುಸ್ತಿ. ಕ್ಲಬ್ಬಿನ ಚರಿತ್ರೆಯ ಮೊದಲ ಗೋಲು ಶಾನ್ ರೂನಿ ಹೊಡೆದ. ಬಾಗಾನ್ ಸಮ ಮಾಡಿಕೊಂಡಿತು, 1-1. ಪಶ್ಚಿಮದ ಸ್ಟ್ಯಾಂಡಿನಲ್ಲಿ ಒಂದು ಗುಂಪು ನಿಂತೇ ಹಾಡಿತು, ಕೂಗಿತು. ತಮ್ಮನ್ನು ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಕರೆದುಕೊಂಡರು. ಟಿವಿಯಲ್ಲಿ ಲಿವರ್‌ಪೂಲ್, ಆರ್ಸೆನಲ್ ನೋಡಿ ಬೆಳೆದ ಹುಡುಗರು ಅವರು; ಹಾಡುವ ಹುಚ್ಚನ್ನೂ ಅಲ್ಲಿಂದಲೇ ಕಲಿತಿದ್ದರು. ಇಂಥ ಹುಡುಗರು ಹುಬ್ಬಳ್ಳಿಯ ವಿದ್ಯಾನಗರದ ಹಾಸ್ಟೆಲುಗಳಲ್ಲೂ ಇದ್ದರು, ಈಗಲೂ ಇದ್ದಾರೆ. ಅವರಿಗಿಲ್ಲದ್ದು ಹೋಗಿ ಕೂಗಲು ಒಂದು ತಂಡ.

ಆ ವರ್ಷ 13 ತಂಡಗಳು. ಕೋಲ್ಕತ್ತ ಸೀಮೆಯವು ನಾಲ್ಕು, ಗೋವಾದವು ನಾಲ್ಕು, ಶಿಲ್ಲಾಂಗಿನವು ಎರಡು, ಮುಂಬೈ, ಪುಣೆ, ಬೆಂಗಳೂರಿಗೆ ಒಂದೊಂದು. ಪ್ರತಿ ತಂಡಕ್ಕೂ ತವರಲ್ಲಿ 12, ಹೊರಗೆ 12 ಪಂದ್ಯ. ಈಸ್ಟ್ ಬೆಂಗಾಲ್ ಸೀಸನ್ನಿನ ಆರಂಭದಲ್ಲೇ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ಪಿನ ಸೆಮಿಫೈನಲ್ ಆಡುತ್ತಿದ್ದರಿಂದ ಅದರ ಲೀಗ್ ಪಂದ್ಯಗಳು ಹಿಂದೆ ಬಿದ್ದವು. ನವೆಂಬರಿನಲ್ಲಿ ಅವರ ಬ್ರೆಜಿಲ್ ಕೋಚ್ ಹೋಗಿ ಅರ್ಮಾಂಡೊ ಕೊಲಾಸೊ ಬಂದರು. ಇವರು ಡೆಂಪೊಗೆ ಐದು ಪ್ರಶಸ್ತಿ ಗೆದ್ದುಕೊಟ್ಟ ಗೋವಾದ ಗುರು. ಆಮೇಲಿನ ಓಟ ಬಹುಪಾಲು ಬೆಂಗಳೂರು ಮತ್ತು ಈಸ್ಟ್ ಬೆಂಗಾಲ್ ನಡುವಿನದಾಯಿತು. ಒಂದು ತಂಡಕ್ಕೆ ಅಂಕ ಕೈಯಲ್ಲಿದೆ, ಇನ್ನೊಂದಕ್ಕೆ ಪಂದ್ಯ ಬಾಕಿ ಇವೆ. ಅಂಕಪಟ್ಟಿ ನೋಡಿ ಯಾರು ಮುಂದಿದ್ದಾರೆಂದು ಹೇಳುವುದೇ ಕಷ್ಟ.

ಕನ್ನಡದ ಕ್ರೀಡಾ ಪುಟಗಳು ಇದನ್ನೆಲ್ಲ ಎಷ್ಟು ಹಚ್ಚಿಕೊಂಡಿದ್ದವು ಎಂದರೆ, ಹೆಚ್ಚೇನಿಲ್ಲ. ನವೆಂಬರಿನಲ್ಲಿ ಸಚಿನ್ ವಿದಾಯ. ಫೆಬ್ರುವರಿಯಲ್ಲಿ ವಿನಯ್ ಕುಮಾರ್ ಪಡೆ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಮಣಿಸಿ 15 ವರ್ಷದ ಮೇಲೆ ರಣಜಿ ತಂದಿತು. ಹುಬ್ಬಳ್ಳಿ, ಧಾರವಾಡದಲ್ಲಿ ಮಾತೆಲ್ಲ ಅದೇ. ಏಪ್ರಿಲ್ ಬರುತ್ತಲೇ ಚುನಾವಣೆ. ಆದರೆ ಆ ಚುನಾವಣೆಯೇ ಫುಟ್‌ಬಾಲಿಗೆ ಒಂದು ಉಪಕಾರ ಮಾಡಿತು. ಭದ್ರತೆ ಒದಗಿಸಲಾಗದೆಂದು ಐಪಿಎಲ್‌ನ ಮೊದಲ ಕಂತನ್ನು ಅರಬ್ ಸಂಯುಕ್ತ ಸಂಸ್ಥಾನಕ್ಕೆ ಸಾಗಹಾಕಿದರು. ಏಪ್ರಿಲ್ 16ರಿಂದ ತಿಂಗಳ ಕೊನೆತನಕ ಚಿನ್ನಸ್ವಾಮಿ ಖಾಲಿ. ಏಪ್ರಿಲ್ 17ರಂದು ಕರ್ನಾಟಕ ಮತ ಹಾಕಿತು. ಬೆರಳಿನ ಶಾಯಿ ಮಾಸುವ ಮೊದಲೇ, ನಾಲ್ಕು ದಿನದ ಮೇಲೆ, ಬೆಂಗಳೂರಿನ ತಂಡ ಮಡಗಾಂವಿನಲ್ಲಿ ಇಳಿದಿತ್ತು.

ಏಪ್ರಿಲ್ 21, ಸೋಮವಾರ, ಫತೋರ್ಡಾ ಸ್ಟೇಡಿಯಂ. ಎದುರಾಳಿ ಐದು ಸಲದ ಚಾಂಪಿಯನ್ ಡೆಂಪೊ. ಗೆದ್ದರೆ ಒಂದು ಪಂದ್ಯ ಬಾಕಿ ಇರುವಾಗಲೇ ಪ್ರಶಸ್ತಿ. ಸೋತರೆ ಬಾಗಿಲು ಈಸ್ಟ್ ಬೆಂಗಾಲ್‌ಗೆ ತೆರೆಯುತ್ತಿತ್ತು. ಕೊಲಾಸೊ ಅವರಿಗೆ ಆ ಸಂಜೆ ತಮ್ಮ ಹಳೆಯ ತಂಡವೇ ದಾರಿ ಮಾಡಿಕೊಡಬೇಕಿತ್ತು. ಹೆದರಿ ಬಾಗಿಲು ಮುಚ್ಚಿಕೊಂಡು ಆಡುವ ತಂಡವಾಗಿದ್ದರೆ ಒಂದು ಗೋಲಿನ ಮೇಲೆ ಹೊದ್ದು ಮಲಗುತ್ತಿತ್ತೇನೋ. ಇದು ಹಾಗೆ ಮಾಡಲಿಲ್ಲ. ಮುಕ್ತ ಆಟ, ಒಟ್ಟು ಆರು ಗೋಲು, ಬೆಂಗಳೂರಿಗೆ 4-2ರ ಗೆಲುವು. ಮೊದಲ ವರ್ಷವೇ ಚಾಂಪಿಯನ್. ಡೆಂಪೊದವರ ಅಂಗಳದಲ್ಲಿ ನೀಲಿ ಜೆರ್ಸಿಯವರು ಕೋಚ್‌ನನ್ನು ಎತ್ತಿ ಕುಣಿದರು. ಸೀಸನ್ ಮುಗಿದಾಗ ಲೆಕ್ಕ: 24 ಪಂದ್ಯ, 14 ಗೆಲುವು, 5 ಡ್ರಾ, 5 ಸೋಲು, 47 ಅಂಕ. ಈಸ್ಟ್ ಬೆಂಗಾಲ್ 43ಕ್ಕೆ ನಿಂತಿತು. ಛೆಟ್ರಿ ಹೊಡೆದದ್ದು 14 ಗೋಲು. ಭಾರತೀಯರಲ್ಲಿ ಅವರಷ್ಟು ಹೊಡೆದವರು ಆ ವರ್ಷ ಬೇರಿಲ್ಲ.

ಮರುದಿನ, ಏಪ್ರಿಲ್ 22ರಂದು, ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಮ್ಯಾನೇಜರ್ ಡೇವಿಡ್ ಮೋಯೆಸ್‌ನನ್ನು ಮನೆಗೆ ಕಳಿಸಿತು. ಫರ್ಗುಸನ್ ಬಿಟ್ಟುಹೋದ ಕುರ್ಚಿಯಲ್ಲಿ ಆತ ಒಂದು ಸೀಸನ್ ಕೂಡ ಪೂರೈಸಲಿಲ್ಲ. ಹಿಂದಿನ ವರ್ಷದ ಚಾಂಪಿಯನ್ನರು ಏಳನೆಯ ಸ್ಥಾನಕ್ಕೆ ಜಾರಿದರು. ಹುಬ್ಬಳ್ಳಿ ಹಾಸ್ಟೆಲಿನ ಹುಡುಗರು ಅವತ್ತು ಫೋನಿನಲ್ಲಿ ಓದಿದ ಸುದ್ದಿ ಇದೇ ಇರಬೇಕು. ಅದೇ ಯುನೈಟೆಡ್‌ಗೆ ಒಂದು ಕಾಲದಲ್ಲಿ ಬೇಡವಾಗಿದ್ದ ಹುಡುಗ ಹಿಂದಿನ ಸಂಜೆ ನಮ್ಮ ಘಟ್ಟದ ಕೆಳಗೆ ಲೀಗ್ ಗೆದ್ದಿದ್ದು ಎಷ್ಟು ಜನರ ಕಣ್ಣಿಗೆ ಬಿತ್ತೋ.

ಮುಂದಿನದನ್ನು ಬೇಗ ಹೇಳಬಹುದು. ತಂಡ ಬೆಂಗಳೂರಿನದೇ ಕಂಠೀರವ ಸ್ಟೇಡಿಯಮ್ಮಿಗೆ ಮನೆ ಬದಲಿಸಿತು. 2015ರ ಮೇ 31ರಂದು, ಲೀಗ್‌ನ ಕೊನೆಯ ಪಂದ್ಯದಲ್ಲಿ, ಮತ್ತದೇ ಮೋಹನ್ ಬಾಗಾನ್ ಎದುರು ಗೆದ್ದರೆ ಪ್ರಶಸ್ತಿ ಎಂಬಲ್ಲಿ ಕೊನೆಯ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟು 1-1, ಕಪ್ ಕೋಲ್ಕತ್ತಕ್ಕೆ. 2015-16ರಲ್ಲಿ ಎರಡನೇ ಸಲ ಚಾಂಪಿಯನ್. ಆಮೇಲೆ ವೆಸ್ಟ್‌ವುಡ್ ಹೊರಟ. ಅದೇ 2016ರ ನವೆಂಬರಿನಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋಗಿ ದೋಹಾದಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 0-1ರಿಂದ ಸೋತರು. ಭಾರತದ ಯಾವ ಕ್ಲಬ್ಬೂ ಅಲ್ಲಿಯತನಕ ಆ ಫೈನಲ್ ಮುಟ್ಟಿರಲಿಲ್ಲ.

ಗೋವಾ ತುದಿಯಲ್ಲಿ ಆದದ್ದು ಹೆಚ್ಚು ಕುತೂಹಲದ್ದು. 2014ರ ಅಕ್ಟೋಬರಿನಲ್ಲಿ ಸಿನಿಮಾ ತಾರೆಯರ, ಕ್ರಿಕೆಟಿಗರ ಹೆಸರು ಹೊತ್ತ ಇಂಡಿಯನ್ ಸೂಪರ್ ಲೀಗ್ ಬಂತು. ಫತೋರ್ಡಾದಲ್ಲಿ ಎಫ್‌ಸಿ ಗೋವಾ ಎಂಬ ಹೊಸ ತಂಡ ಆಡತೊಡಗಿತು. 2014-15ರಲ್ಲಿ ಡೆಂಪೊ ಎರಡನೇ ಡಿವಿಜನ್‌ಗೆ ಬಿತ್ತು, ಗೆದ್ದು ಮರಳುವ ಹಕ್ಕು ಸಂಪಾದಿಸಿತು. ಆದರೆ 2016ರಲ್ಲಿ ಡೆಂಪೊ, ಸಾಲಗಾಂವ್ಕರ್, ಸ್ಪೋರ್ಟಿಂಗ್ ಗೋವಾ ಮೂರೂ ಐ-ಲೀಗ್‌ನಿಂದ ಹಿಂದೆ ಸರಿದವು. ಕಂಪನಿ ತಂಡ ಎಷ್ಟು ದಿನ ಬಾಳೀತು ಎಂದು 2013ರಲ್ಲಿ ಯಾವ ತಂಡದ ಬಗ್ಗೆ ಕೇಳಿದ್ದರೋ ಆ ತಂಡ ಉಳಿಯಿತು. ಗಣಿ ಮನೆತನದ ತಂಡಗಳು ಹೋದವು. 2017ರಲ್ಲಿ ಬೆಂಗಳೂರು ಕೂಡ ಐ-ಲೀಗ್ ಬಿಟ್ಟು ಸೂಪರ್ ಲೀಗ್ ಸೇರಿತು. ಆ ಲೀಗ್‌ನ 2018-19ರ ಫೈನಲ್‌ನಲ್ಲಿ ಎದುರಾದದ್ದು ಎಫ್‌ಸಿ ಗೋವಾ. ಹೆಚ್ಚುವರಿ ವೇಳೆಯಲ್ಲಿ ರಾಹುಲ್ ಭೇಕೆ ಹೊಡೆದ ಒಂದೇ ಗೋಲಿನಿಂದ ಗೆದ್ದರು.

2018ರಲ್ಲಿ ಜೆಎಸ್‌ಡಬ್ಲ್ಯು ತೋರಣಗಲ್ಲಿನ ತನ್ನ ವಿಜಯನಗರ ಟೌನ್‌ಶಿಪ್ಪಿನಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗೆಂದು ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆಯಿತು. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಯ ಹುಡುಗರೂ ಅಲ್ಲಿಗೆ ಬಂದು ನೆಲೆಸಿದರು. ತಂಡದ ಹೆಸರು, ಅಂಗಳ ಬೆಂಗಳೂರಿನದೇ. ಎಳೆಯ ಆಟಗಾರರು ಮಾತ್ರ ಕಾರ್ಖಾನೆಯ ಪಕ್ಕದಲ್ಲಿ, ಬಳ್ಳಾರಿ ಬಿಸಿಲಿನಲ್ಲಿ ಬೆಳೆಯತೊಡಗಿದರು.